ಟುಟಾಂಖಾಮನ್‌ನ ಊರುಗೋಲುಗಳು

ಪ್ರಾಚೀನ ಈಜಿಪ್ಟಿನ ರಾಜ ಟುಟಾಂಖಾಮನ್‌ನ ಗೋರಿಯಲ್ಲಿ ಸುಮಾರು 130 ಊರುಗೋಲು ಸಿಕ್ಕಿದ್ದವು, ಕೆಲವು ಬಳಸಿ ಸವೆದಿದ್ದವು. ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಂದಿಗೋಡು ಊರು. ಸೊಂಟದ ಕೀಲು ಹಾಳಾಗಿ, ಕೋಲೂರಿ ಬಸ್‌ಸ್ಟ್ಯಾಂಡಿಗೆ ಬರುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ.

ಈಜಿಪ್ಟಿನ ರಾಜರ ಕಾಯಿಲೆಗಳ ಬಗ್ಗೆ ಸುಮಾರು ಜನ ಬರೆದಿದ್ದಾರೆ. ಟುಟಾಂಖಾಮನ್‌ಗಿಂತ ಮೊದಲು ಆಳಿದ ಅಖೆನಾಟೆನ್‌ನ ಶಿಲ್ಪಗಳಲ್ಲಿ ಮುಖ ಉದ್ದ, ಕತ್ತು ತೆಳು, ಸೊಂಟ ಅಗಲ, ಹೊಟ್ಟೆ ಜೋಲು. ಅದನ್ನು ನೋಡಿಯೇ ಮಾರ್ಫನ್ ಸಿಂಡ್ರೋಮ್, ಅಂದರೆ ಮೈ, ಕೈಕಾಲು ಉದ್ದವಾಗಿ ತೆಳ್ಳಗಾಗುವ ವಂಶದ ಕಾಯಿಲೆ, ಇರಬೇಕು ಅಂದರು. ನನಗಿದು ಒಪ್ಪಿಗೆಯಿಲ್ಲ. ಅವನ ಕಾಲದಲ್ಲಿ ಹೆಂಡತಿ, ಮಕ್ಕಳನ್ನೂ ಹಾಗೆಯೇ ಕೆತ್ತಿದ್ದಾರೆ, ಅದು ಆಗಿನ ಶೈಲಿ. ಯಕ್ಷಗಾನದ ಬಣ್ಣದ ವೇಷ ನೋಡಿ ಆ ಕಲಾವಿದನ ಮುಖಕ್ಕೆ ಏನೋ ರೋಗ ಇದೆ ಅಂದ ಹಾಗಾಯಿತು, ಅಲ್ವಾ?

ದೇಹವನ್ನೇ ಕೇಳಬೇಕು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ರಾಜಮನೆತನದ ಮಮ್ಮಿಗಳ ಡಿಎನ್‌ಎ ತೆಗೆದು, ಸಿಟಿ ಸ್ಕ್ಯಾನ್ ಮಾಡಿ ನೋಡಿದರು. ಮಾರ್ಫನ್ ಲಕ್ಷಣ ಕಾಣಲಿಲ್ಲ. ಸಿಕ್ಕಿದ್ದು ಬೇರೆ: ಟುಟಾಂಖಾಮನ್‌ನ ಅಪ್ಪ ಅಮ್ಮ ಒಡಹುಟ್ಟಿದವರು, ಅವನಿಗೆ ಮಲೇರಿಯಾ ತಗುಲಿತ್ತು, ಎಡಗಾಲಿನ ಮೂಳೆ ಕೆಟ್ಟಿತ್ತು. ಕಾಲಿನ ವಿಷಯ ಒಪ್ಪದ ತಜ್ಞರೂ ಇದ್ದಾರೆ. ಸತ್ತಾಗ ಹುಡುಗನಿಗೆ ಬರೀ ಹತ್ತೊಂಬತ್ತರ ಆಸುಪಾಸು.

ಒಡಹುಟ್ಟಿದವರ ಮದುವೆ ಅಂದ ಕೂಡಲೇ ಎಲ್ಲ ಕಾಯಿಲೆಯನ್ನೂ ಅದರ ತಲೆಗೆ ಕಟ್ಟಬಾರದು. ಅಡಗಿ ಕೂತ ದೋಷದ ಜೀನ್ ಎರಡೂ ಕಡೆಯಿಂದ ಬಂದರೆ ಮಾತ್ರ ಹೊರಬೀಳುವ ಕಾಯಿಲೆಗಳಿವೆ, ಅಲ್ಲಿ ರಕ್ತಸಂಬಂಧದ ಮದುವೆ ಅಪಾಯ ಜಾಸ್ತಿ ಮಾಡುತ್ತದೆ. ನಮ್ಮಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ಮನೆಗಳೂ ಇದನ್ನು ತಿಳಿದಿರಬೇಕು. ಆದರೆ ಹಂದಿಗೋಡು ಕಾಯಿಲೆ ಹಾಗಲ್ಲ. 1970ರ ದಶಕದಲ್ಲಿ ಅದು ಬೆಳಕಿಗೆ ಬಂದಾಗ, ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದರಿಂದ ಬಂತು ಅಂತ ಅನುಮಾನಪಟ್ಟರು. ಆಮೇಲೆ ಮನೆ ಮನೆಯ ವಂಶ ಬರೆದುಕೊಂಡು, ಎಕ್ಸ್‌ರೇ ತೆಗೆದು ನೋಡಿದಾಗ ವಂಶದಲ್ಲಿ ಬರುವ ಮೂಳೆ ಕಾಯಿಲೆ, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು ಅಂತ ಗೊತ್ತಾಯಿತು. ಆದರೂ "ಸಂಬಂಧದೊಳಗೇ ಮದುವೆಯಾದರು, ಅನುಭವಿಸ್ತಾರೆ" ಅನ್ನುವ ಮಾತು ಈಗಲೂ ಕೇಳುತ್ತದೆ. ನನಗೆ ಸಿಟ್ಟು ಬರುತ್ತದೆ.

ಮೊನ್ನೆ ಬಸ್ಸಿನಲ್ಲಿ ಪಕ್ಕ ಕೂತ ಹಿರಿಯರೊಬ್ಬರಿಗೆ ಈ ರಾಜನ ಕತೆ ಹೇಳಿದೆ. ತಮ್ಮ ಕೋಲನ್ನು ಮೊಣಕಾಲ ನಡುವೆ ಇಟ್ಟುಕೊಂಡಿದ್ದ ಅವರು ಕೇಳಿದ್ದು ಒಂದೇ: "ಅವನಿಗೂ ಕೂತು ಏಳಕ್ಕೆ ಕಷ್ಟ ಆಗ್ತಿತ್ತಾ ತಮ್ಮಾ?"