ಹಳದಿ ಚೀಲದ ತೂಕ: ಐದನೇ ವಾರದ ಟಿಪ್ಪಣಿ

ಇದು ಡ್ಯೂಟಿಯ ಭಾಗವಲ್ಲ, ನನ್ನದೇ ಹಠ. ವಿಜಯಪುರದ 30 ಹಾಸಿಗೆಗಳ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ಕಾಳಿನ ವ್ಯಾಪಾರ ಮಾಡುವ ಸೋದರಮಾವನಿಂದ ಹಳೆಯ ಕೊಕ್ಕೆಯ ಕಾಟಾ ಬೇಡಿ ತಂದು, ದಿನವೂ ಕಸದ ಚೀಲ ತೂಗುತ್ತಿದ್ದೇನೆ. ಜೋಳ ತೂಗಿದ ಕಾಟಾಗೆ ಎಂಥ ಗತಿ ತಂದೆ ಎಂದು ಮಾವ ಇನ್ನೂ ಗೊಣಗುತ್ತಾರೆ.

ಮೊದಲ ವಾರ: ಹಳದಿ ಚೀಲ ದಿನಕ್ಕೆ ಸುಮಾರು 9 ಕಿಲೋ. ರಕ್ತ ಹತ್ತಿದ ಹತ್ತಿ, ಡ್ರೆಸ್ಸಿಂಗ್ ಬಟ್ಟೆಯಂಥವು ಹೋಗಬೇಕಾದ ಚೀಲವದು. ಅದರಲ್ಲಿರುವುದೆಲ್ಲ ಭಟ್ಟಿಯಲ್ಲಿ ಸುಡುತ್ತದೆ. ಪಿವಿಸಿ ಪ್ಲಾಸ್ಟಿಕ್ ಸೇರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುವ ಭಯ ಬೇರೆ. ಕಟ್ಟಿದ ಚೀಲ ಬಿಚ್ಚಿ ಕೆದಕಬಾರದು, ಆದ್ದರಿಂದ ಬೀಳುವಾಗಲೇ ನಿಂತು ನೋಡಿದೆ: ಔಷಧಿಯ ರಟ್ಟಿನ ಡಬ್ಬಿ, ಸಲೈನ್ ಬಾಟಲಿ, ರೋಗಿಯ ಕಡೆಯವರ ಚಹಾ ಕಪ್ಪು.

ಎರಡನೇ ವಾರ ಗೋಡೆಗೆ ಸೂಚನಾಪಟ್ಟಿ ಅಂಟಿಸಿದೆ. ತೂಕ ಕದಲಲಿಲ್ಲ.

ಮೂರನೇ ವಾರ ಬುಟ್ಟಿಗಳನ್ನೇ ಎತ್ತಿಟ್ಟೆ. ಬಾಗಿಲ ಬಳಿಯಿದ್ದ ಹಳದಿ ಬುಟ್ಟಿ ಡ್ರೆಸ್ಸಿಂಗ್ ಟ್ರಾಲಿಯ ಪಕ್ಕಕ್ಕೆ ಬಂತು. ಬಾಗಿಲಿಗೆ ಸಾಮಾನ್ಯ ಕಸದ ಬುಟ್ಟಿ. ಸಲೈನ್ ನಳಿಕೆ, ಬಾಟಲಿಗಳಿಗೆ ಹಾಸಿಗೆಗಳ ನಡುವೆ ಕೆಂಪು ಬುಟ್ಟಿ. ಹಳದಿ 6 ಕಿಲೋಗೆ ಇಳಿಯಿತು, ಕೆಂಪು ಏರಿತು. ಕೆಂಪಿನದು ಉಗಿಯಲ್ಲಿ ಶುದ್ಧವಾಗಿ, ಚೂರಾಗಿ ಮರುಬಳಕೆಗೆ ಹೋಗುತ್ತದೆ, ಆ ಏರಿಕೆ ನನಗೆ ಬೇಕಾದದ್ದೇ.

ನಾಲ್ಕನೇ ವಾರ ತೂಕದ ಲೆಕ್ಕ ಮರೆತೇಹೋಯಿತು. ಬೆಳಗಿನ ಜಾವ, ವಾರ್ಡಿನ ಕಸ ತೆಗೆಯುವ ಮಾವಶಿ ಹಳದಿ ಚೀಲದ ಬಾಯಿ ಬಿಗಿಯುವಾಗ ಹತ್ತಿಯ ಉಂಡೆಯೊಳಗಿದ್ದ ಸೂಜಿ ಕೈಗವಸು ತೂರಿ ತೋರುಬೆರಳಿಗೆ ಚುಚ್ಚಿತು. ಕೌದಿ ಹೊಲಿದು ರೂಢಿಯಾದ ಕೈ ಅದು. ಗವಸು ಕಿತ್ತೆಸೆದವರೇ ಬೆರಳನ್ನು ಬಾಯಿಗೆ ಒಯ್ದರು. ಮಣಿಕಟ್ಟು ಹಿಡಿದು ನಲ್ಲಿಗೆ ಎಳೆದುಕೊಂಡು ಹೋದೆ. ಹಿಂಡಬೇಡಿ ಮಾವಶಿ, ಸೋಪು ಹಚ್ಚಿ ನೀರು ಬಿಡಿ ಎಂದೆ. ಡಾಕ್ಟರಿಗೆ ಆಗಲೇ ಹೇಳಿದೆವು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಆದಷ್ಟು ಬೇಗ, ತಡವೆಂದರೂ 72 ಗಂಟೆಯೊಳಗೆ ಶುರುವಾಗಬೇಕು. ಸೂಜಿಯಲ್ಲಿ ಸೋಂಕಿತರ ರಕ್ತವಿದ್ದರೆ ಇಂಥ ಚುಚ್ಚಿನಿಂದ ಎಚ್‌ಐವಿ ಹತ್ತುವುದು ಸಾವಿರಕ್ಕೆ ಸುಮಾರು ಮೂರು. ಹಾಗೆಯೇ ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ನೂರಕ್ಕೆ 30ರವರೆಗೂ ಹತ್ತಬಹುದು. ಮಾವಶಿಗೆ ಆ ಲಸಿಕೆಯ ಮೂರನೇ ಡೋಸ್ ಬಾಕಿಯಿತ್ತು. ಆ ವಾರ್ಡಿನ ರೋಗಿಗಳ ರಕ್ತದ ವರದಿ ನೆಗೆಟಿವ್ ಬರುವವರೆಗೆ ನನಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಸೂಜಿ ಎಸೆದವರು ಯಾರೆಂದು ಪತ್ತೆ ಹಚ್ಚುವ ಗದ್ದಲ ಎದ್ದಿತ್ತು. ನಾನು ಹೆಜ್ಜೆ ಎಣಿಸಿದೆ. ಕೊನೆಯ ಹಾಸಿಗೆಯಿಂದ, ಬಳಸಿದ ಸೂಜಿ ಕತ್ತರಿಸುವ ನೀಡಲ್ ಕಟರ್ ಇರುವ ಕೋಣೆಗೆ 34 ಹೆಜ್ಜೆ. ರಾತ್ರಿ ಒಬ್ಬಳೇ ಇದ್ದಾಗ ನಾನೂ ಅಷ್ಟು ದೂರ ಹೋಗುತ್ತಿದ್ದೆನೇ?

ಐದನೇ ವಾರ: ಕಟರ್, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ ಎರಡೂ ಇಂಜೆಕ್ಷನ್ ಟ್ರಾಲಿಯ ಮೇಲೆ ನಮ್ಮ ಜೊತೆಗೇ ಸುತ್ತುತ್ತಿವೆ. ಕಟಕ್ ಎಂದರೆ ಸೂಜಿ ಒಳಗೆ, ಸಿರಿಂಜ್ ಕೆಂಪಿಗೆ. ಹಳದಿ ಇವತ್ತು 5 ಕಿಲೋ 400 ಗ್ರಾಂ. ಮಾವಶಿಯ ಮೂರನೇ ಡೋಸ್ ಆಯಿತು. ಎರಡನೇ ಕಟರಿಗೆ ಅರ್ಜಿ ಬರೆದಿದ್ದೇನೆ, ಸಹಿ ಬಾಕಿ.