ಪೈ ಟೌನ್‌ನಿಂದ ಸಿಲ್ವರ್ ಸಿಟಿಗೆ ಸೈಕಲ್ಲಿನಲ್ಲಿ: ಮೊದಲು ನೀರಿನ ಲೆಕ್ಕ

ನ್ಯೂ ಮೆಕ್ಸಿಕೊದ ಪೈ ಟೌನ್‌ನಿಂದ ಸಿಲ್ವರ್ ಸಿಟಿಗೆ ಸೈಕಲ್ ತುಳಿಯುವ ಯೋಚನೆ ಇದ್ದರೆ, ನಕ್ಷೆ ಬಿಡಿಸಿ ಕೂತಾಗ ಮೊದಲು ಗುರುತು ಹಾಕಬೇಕಾದ್ದು ನೀರು ಸಿಗುವ ಜಾಗಗಳನ್ನು. ಎಷ್ಟು ಕಿಲೋಮೀಟರ್, ಎಷ್ಟು ಏರು, ಎಲ್ಲಿ ಡೇರೆ ಎನ್ನುವುದೆಲ್ಲ ಆಮೇಲೆ. ಸುಮಾರು 290 ಕಿ.ಮೀ. ಉದ್ದದ ಈ ಹಾದಿಯಲ್ಲಿ ಬಹುಪಾಲು ಜಲ್ಲಿ ಮತ್ತು ಮಣ್ಣು. ಕೊನೆಯಲ್ಲಿ ಮಿಂಬ್ರೆಸ್ ಕಣಿವೆ ಸೇರುವವರೆಗೆ ಅಂಗಡಿ ಇಲ್ಲ, ಹೋಟೆಲ್ ಇಲ್ಲ, ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಇಲ್ಲಿನ ಕ್ಯಾಟ್ರನ್ ಕೌಂಟಿಯ ವಿಸ್ತೀರ್ಣ ಸುಮಾರು 18,000 ಚದರ ಕಿ.ಮೀ.; 2020ರ ಜನಗಣತಿಯ ಪ್ರಕಾರ ಅಷ್ಟೂ ಜಾಗದಲ್ಲಿ ವಾಸವಿದ್ದವರು 3,579 ಜನ. ಸಹಾಯಕ್ಕೆ ಯಾರಾದರೂ ಬಂದಾರು ಎಂಬ ಭರವಸೆಯ ಮೇಲೆ ಹೊರಡುವ ದಾರಿ ಇದಲ್ಲ.

ಕೆನಡಾದ ಜಾಸ್ಪರ್‌ನಿಂದ ಮೆಕ್ಸಿಕೊ ಗಡಿಯ ಆಂಟೆಲೋಪ್ ವೆಲ್ಸ್‌ವರೆಗೆ ಸುಮಾರು 5,000 ಕಿ.ಮೀ. ಸಾಗುವ ಗ್ರೇಟ್ ಡಿವೈಡ್ ಮೌಂಟನ್ ಬೈಕ್ ರೂಟ್‌ನ ಒಂದು ತುಂಡು ಇದು. ಆ ಮಾರ್ಗವನ್ನು ಗುರುತಿಸಿ ನಕ್ಷೆ ಮಾಡಿದ್ದು ಅಡ್ವೆಂಚರ್ ಸೈಕ್ಲಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆ. ಅವರ ನಕ್ಷೆಯನ್ನು ದುಡ್ಡು ಕೊಟ್ಟೇ ತೆಗೆದುಕೊಳ್ಳಿ. ನೀರಿನ ತಾಣಗಳ ವಿವರ ಅದರಲ್ಲಿದೆ. ಇಡೀ ಮಾರ್ಗ ಮುಗಿಸಲು ತಿಂಗಳುಗಟ್ಟಲೆ ರಜೆ ಬೇಕು. ಒಂದು ವಾರದ ರಜೆಯಷ್ಟೇ ಕೈಯಲ್ಲಿರುವ ನಮ್ಮಂಥವರಿಗೆ ಈ ತುಂಡು ಹೇಳಿ ಮಾಡಿಸಿದ್ದು. ದನ ಮೇಯುವ ಬಯಲು, ಪೈನ್ ಕಾಡು, ಕಣಿವೆ ಮೂರೂ ಒಂದೇ ಪ್ರಯಾಣದಲ್ಲಿ ಸಿಗುತ್ತವೆ.

ಪೈ ಟೌನ್ ಇರುವುದು ಯು.ಎಸ್. 60 ಹೆದ್ದಾರಿಯ ಮೇಲೆ, ಸುಮಾರು 2,400 ಮೀಟರ್ ಎತ್ತರದಲ್ಲಿ. ಬೆಂಗಳೂರಿನಿಂದಲೋ ಟೆಕ್ಸಾಸ್‌ನಿಂದಲೋ ನೇರವಾಗಿ ಬಂದವರು ಒಂದು ರಾತ್ರಿಯಾದರೂ ಇಲ್ಲೇ ಉಳಿದರೆ ಮೈ ಎತ್ತರಕ್ಕೆ ಒಗ್ಗುತ್ತದೆ. ಹೆಸರಿಗೆ ತಕ್ಕ ಹಾಗೆ ಪೈ ಸಿಗುವ ಅಂಗಡಿಗಳಿವೆ, ಆದರೆ ವಾರವಿಡೀ ತೆರೆದಿರುವುದಿಲ್ಲ. ದಿನ ವಿಚಾರಿಸಿಕೊಂಡು ಹೋಗಿ. ಕಿರಾಣಿ ಅಂಗಡಿಯಂತೂ ಇಲ್ಲವೇ ಇಲ್ಲ. ಹಾಗಾಗಿ ಊಟದ ಸಾಮಾನನ್ನು ಇಲ್ಲಿನ ಅಂಚೆ ಕಚೇರಿಗೆ ‘ಜನರಲ್ ಡೆಲಿವರಿ’ (ಬಂದು ಕೇಳುವವರೆಗೆ ಕಚೇರಿಯಲ್ಲೇ ಇಡಿ) ಎಂದು ಬರೆದು ಮೊದಲೇ ಕಳಿಸಿಡುವುದು ಈ ದಾರಿಯವರ ರೂಢಿ. ಅಂಚೆ ಕಚೇರಿ ತೆರೆಯುವ ಹೊತ್ತು ನೋಡಿಕೊಂಡು ತಲುಪಿ. ನಾವು ಕಳಿಸಿದ ಪೆಟ್ಟಿಗೆಯಲ್ಲಿ ಹುರಿದ ಅವಲಕ್ಕಿ, ಶೇಂಗಾ ಚಿಕ್ಕಿ, ಚಟ್ನಿಪುಡಿ, ಟೋರ್ಟಿಯಾ ಎಂಬ ಮೆಕ್ಸಿಕನ್ ರೊಟ್ಟಿ, ದಿಢೀರ್ ಉಪ್ಪಿಟ್ಟಿನ ಪೊಟ್ಟಣಗಳಿದ್ದವು. ಟೋರ್ಟಿಯಾಕ್ಕೆ ಚಟ್ನಿಪುಡಿ ಉದುರಿಸಿ ಸುತ್ತಿಕೊಂಡರೆ ಒಲೆ ಹಚ್ಚದೆಯೇ ಮಧ್ಯಾಹ್ನದ ಊಟ ಮುಗಿಯುತ್ತದೆ, ಕುದಿಸಲು ಬೇಕಾದ ನೀರೂ ಉಳಿಯುತ್ತದೆ. ತಂಗಲು ಟೋಸ್ಟರ್ ಹೌಸ್ ಎಂಬ ಮನೆಯಿದೆ. ಗೇಟಿನ ತುಂಬ ಹಳೆಯ ಟೋಸ್ಟರ್‌ಗಳನ್ನು ನೇತುಹಾಕಿದ್ದಾರೆ, ಗುರುತು ತಪ್ಪುವುದಿಲ್ಲ. ನಡೆದು ಬರುವವರೂ ಸೈಕಲ್ಲಿನವರೂ ಕಾಣಿಕೆ ಹಾಕಿ ಉಳಿಯುವ ಜಾಗ ಅದು. ಕಾಣಿಕೆ ಕೈಬಿಚ್ಚಿ ಹಾಕಿ, ಪಾತ್ರೆ ತೊಳೆದಿಟ್ಟು ಹೊರಡಿ.

ಪೈ ಟೌನ್‌ನಿಂದ ದಕ್ಷಿಣಕ್ಕೆ ಹೊರಟ ಮೇಲೆ ಮೊದಲು ಕುರುಚಲು ಜೂನಿಪರ್, ಆಮೇಲೆ ಪೈನ್, ಅದಾದ ಮೇಲೆ ರಾಜ್ಯ ಹೆದ್ದಾರಿ 12 ದಾಟಿದರೆ ಸ್ಯಾನ್ ಅಗಸ್ಟಿನ್ ಬಯಲು. ಹಿಂದೊಂದು ಕಾಲಕ್ಕೆ ಸರೋವರವಾಗಿದ್ದ ನೆಲ ಇದು. ಮರವೊಂದೂ ಇಲ್ಲದೆ ಹುಲ್ಲು ಹಬ್ಬಿಕೊಂಡಿದೆ. ಇದೇ ಬಯಲಿನ ಇನ್ನೊಂದು ಭಾಗದಲ್ಲಿ ವೆರಿ ಲಾರ್ಜ್ ಅರೇ ರೇಡಿಯೊ ದೂರದರ್ಶಕವಿದೆ, ತಲಾ 25 ಮೀಟರ್ ಅಗಲದ 27 ತಟ್ಟೆಗಳು. ಸೊಕೊರೊ ಕಡೆಯಿಂದ ಕಾರಿನಲ್ಲಿ ಬರುವವರಿಗೆ ಹೆದ್ದಾರಿಯಿಂದಲೇ ಕಾಣುತ್ತದೆ. ಒಂದೆರಡು ಗಂಟೆ ಇಟ್ಟುಕೊಂಡು ನೋಡಿಯೇ ಬನ್ನಿ. ಸೈಕಲ್ಲಿನವರಿಗೆ ಬಯಲಿನಲ್ಲಿ ಎದುರಾಗುವುದು ಗಾಳಿ. ವಸಂತದಲ್ಲಿ ನೈಋತ್ಯದಿಂದ ಬೀಸುವ ಗಾಳಿ ದಕ್ಷಿಣಕ್ಕೆ ಹೋಗುವವರ ಎದೆಗೇ ಹೊಡೆಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಜೋರಾಗುತ್ತದೆ. ಬೆಳಕು ಹರಿಯುವ ಮೊದಲೇ ಹೊರಟು ಬಯಲನ್ನು ದಾಟಿಬಿಡಿ.

ಈಗ ನೀರಿನ ವಿಷಯ. ಒಬ್ಬೊಬ್ಬರಿಗೆ ಎಂಟು ಲೀಟರ್ ತುಂಬಿಕೊಳ್ಳುವಷ್ಟು ಬಾಟಲಿ, ಚೀಲ ಇರಲಿ. ಯಾವಾಗಲೂ ತುಂಬಿಸಬೇಕೆಂದಿಲ್ಲ, ಆದರೆ ಬೇಕಾದಾಗ ಜಾಗ ಇರಬೇಕು. ದಾರಿಯ ಅರ್ಧದ ಆಸುಪಾಸಿನಲ್ಲಿ ಬೀವರ್‌ಹೆಡ್ ವರ್ಕ್ ಸೆಂಟರ್ ಎಂಬ ಅರಣ್ಯ ಇಲಾಖೆಯ ಠಾಣೆಯಿದೆ. ಅದರ ಹೊರಗಿನ ನಲ್ಲಿಯೇ ಎಲ್ಲರ ಆಸರೆ. ಹೊರಡುವ ಮುನ್ನ ಹೀಲಾ ರಾಷ್ಟ್ರೀಯ ಅರಣ್ಯದ ಕಚೇರಿಗೆ ಫೋನ್ ಮಾಡಿ ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂದು ಕೇಳಿ. ಬರುತ್ತಿದೆ ಎಂದರೂ ಅದೊಂದನ್ನೇ ನೆಚ್ಚಬೇಡಿ.

ಉಳಿದ ಕಡೆ ನಿಮಗೆ ಸಿಗುವುದು ದನಕ್ಕೆಂದು ಇಟ್ಟ ನೀರು. ಗಾಳಿಯಂತ್ರವೋ ಸೋಲಾರ್ ಪಂಪೋ ಕೊಳವೆಬಾವಿಯಿಂದ ನೀರೆತ್ತಿ ದೊಡ್ಡ ತಗಡಿನ ತೊಟ್ಟಿಗೆ ಬಿಡುತ್ತಿರುತ್ತದೆ. ತೊಟ್ಟಿಯ ನೀರಿನ ಮೇಲೆ ಹಸಿರು ಪಾಚಿ, ಸತ್ತ ಜೇನುಹುಳ, ದನದ ಜೊಲ್ಲು. ಆದರೆ ಅಂಚಿನ ಪೈಪಿನ ಬಾಯಿಯಲ್ಲಿ ಬೀಳುವ ಧಾರೆ ತಣ್ಣಗೆ, ತಿಳಿಯಾಗಿರುತ್ತದೆ. ಅಲ್ಲಿಂದಲೇ ಹಿಡಿಯಿರಿ. ಪಂಪು ನಿಂತಿದ್ದರೆ ತೊಟ್ಟಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಫಿಲ್ಟರ್ ಮಾಡಿ, ಮೇಲೆ ಕ್ಲೋರಿನ್ ಮಾತ್ರೆಯನ್ನೂ ಹಾಕಿ. ತೊಟ್ಟಿಯಲ್ಲಿ ಕೈಕಾಲು ತೊಳೆಯಬೇಡಿ, ಸೋಪು ಮುಟ್ಟಿಸಬೇಡಿ. ತೊಟ್ಟಿಯ ಪಕ್ಕ ಡೇರೆ ಹಾಕುವುದೂ ಬೇಡ. ಮಾಲೀಕರ ಒಪ್ಪಿಗೆಯಿಲ್ಲದೆ ಇಂಥ ನೀರಿನಿಂದ 300 ಗಜದೊಳಗೆ ತಂಗುವುದಕ್ಕೆ ಈ ರಾಜ್ಯದಲ್ಲಿ ನಿಷೇಧವಿದೆ, ಅದಕ್ಕೆ ಕಾರಣವೂ ಸರಿಯಾಗಿದೆ: ಮನುಷ್ಯರು ಕೂತಿದ್ದರೆ ದನವೂ ಜಿಂಕೆಯೂ ಇಡೀ ರಾತ್ರಿ ಬಾಯಾರಿಕೊಂಡೇ ದೂರ ನಿಲ್ಲುತ್ತವೆ.

ಗೇಟಿನ ಶಿಸ್ತು ನೀರಿನಷ್ಟೇ ಮುಖ್ಯ. ದಾರಿಯ ಎರಡೂ ಬದಿ ದನ ಸಾಕುವ ರ‍್ಯಾಂಚ್‌ಗಳು, ಮುಳ್ಳುತಂತಿಯ ಬೇಲಿ. ಕಾಡಿನೊಳಗೂ ಅನುಮತಿ ಪಡೆದ ದನಗಳು ಮೇಯುತ್ತವೆ. ಕೆಲವು ಕಡೆ ರಸ್ತೆಗೆ ಅಡ್ಡವಾಗಿ ಗುಂಡಿಯ ಮೇಲೆ ಕಬ್ಬಿಣದ ಪೈಪುಗಳ ಕ್ಯಾಟಲ್ ಗಾರ್ಡ್ ಇರುತ್ತದೆ. ನೇರವಾಗಿ, ಹ್ಯಾಂಡಲ್ ಅಲುಗಿಸದೆ ದಾಟಿ, ಒದ್ದೆಯಾಗಿದ್ದರೆ ಇಳಿದು ತಳ್ಳಿ. ಕೆಲವು ಕಡೆ ಕೋಲು, ತಂತಿ ಸೇರಿಸಿ ಮಾಡಿದ ಗೇಟು. ಮಲೆನಾಡಿನಲ್ಲಿ ದಣಪೆ ದಾಟಿ ಬೆಳೆದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ: ಕೋಲಿನ ಬುಡವನ್ನು ಮೊದಲು ಕೆಳಗಿನ ತಂತಿಯ ಕುಣಿಕೆಗೆ ಸೇರಿಸಿ, ಭುಜ ಕೊಟ್ಟು ಒತ್ತಿ, ಆಮೇಲೆ ಮೇಲಿನ ಕುಣಿಕೆ ಹಾಕಬೇಕು. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ಒಂದು ತೆರೆದ ಗೇಟಿನ ಹತ್ತಿರ ಗೆಳೆಯ “ಮಾರಾಯ, ಯಾರೋ ಮರೆತು ಹೋಗಿದ್ದಾರೆ, ಹಾಕಿಬಿಡೋಣ” ಅನ್ನುತ್ತಿರುವಾಗಲೇ ಪಿಕಪ್‌ನಲ್ಲಿ ಬಂದ ವಯಸ್ಸಾದ ರ‍್ಯಾಂಚಿನವರೊಬ್ಬರು ಕಿಟಕಿ ಇಳಿಸಿ ತಡೆದರು. “ಈ ಕಡೆಯ ಬಾವಿ ಕೆಟ್ಟಿದೆ. ನನ್ನ ದನ ನೀರಿಗೆ ಆ ಕಡೆಗೇ ಹೋಗಬೇಕು. ನೀವು ಗೇಟು ಹಾಕಿದರೆ ನಾಳೆ ಬೆಳಗ್ಗೆ ಇಲ್ಲೇ ಬಿದ್ದಿರುತ್ತವೆ” ಎಂದರು. ಆಮೇಲೆ ನಮ್ಮ ಬಾಟಲಿಗಳನ್ನು ನೋಡಿ, ಮುಂದೆ ಯಾವ ತೊಟ್ಟಿಯಲ್ಲಿ ನೀರಿದೆ, ಯಾವುದು ಒಣಗಿದೆ ಎಂದು ಬೆರಳು ಮಡಿಸಿ ಹೇಳಿದರು. ಅಂಥವರು ಸಿಕ್ಕರೆ ನಿಂತು ಮಾತಾಡಿ. ಆ ವಾರದ ನೀರಿನ ಸುದ್ದಿ ಅವರ ಬಳಿ ಇರುವಷ್ಟು ಯಾವ ಆ್ಯಪ್‌ನಲ್ಲೂ ಇಲ್ಲ. ತೋಳದ ಮಾತು ತೆಗೆಯುವುದಾದರೆ ಕೇಳಿಸಿಕೊಳ್ಳುವ ಮನಸ್ಸಿಟ್ಟು ತೆಗೆಯಿರಿ. 1998ರಲ್ಲಿ ಮೆಕ್ಸಿಕನ್ ಬೂದು ತೋಳಗಳನ್ನು ಈ ಸೀಮೆಯ ಕಾಡಿಗೆ ಮತ್ತೆ ಬಿಡತೊಡಗಿದ್ದು ಇಲ್ಲಿ ಇನ್ನೂ ಆರದ ವಿಷಯ. ಕರು ಕಳೆದುಕೊಂಡವರ ಮನೆಬಾಗಿಲಲ್ಲಿ ನಿಂತು ಉಪದೇಶ ಮಾಡಬಾರದು.

ಬೀವರ್‌ಹೆಡ್ ದಾಟಿದ ಮೇಲೆ ಅರಣ್ಯ ರಸ್ತೆ 150. ನನ್ನ ಮಟ್ಟಿಗೆ ಇಡೀ ದಾರಿಯ ಜೀವ ಇಲ್ಲಿದೆ. ಪಶ್ಚಿಮಕ್ಕೆ ಹೀಲಾ ವೈಲ್ಡರ್ನೆಸ್, ಪೂರ್ವಕ್ಕೆ ಆಲ್ಡೋ ಲಿಯೊಪೋಲ್ಡ್ ವೈಲ್ಡರ್ನೆಸ್, ನಡುವೆ ಈ ಒಂದೇ ಮಣ್ಣಿನ ದಾರಿ. ಅರಣ್ಯಾಧಿಕಾರಿಯಾಗಿದ್ದ ಲಿಯೊಪೋಲ್ಡ್ ಅವರ ಒತ್ತಾಸೆಯಿಂದ 1924ರಲ್ಲಿ ಹೀಲಾವನ್ನು ರಸ್ತೆಯಿಲ್ಲದ ಕಾಡಾಗಿಯೇ ಉಳಿಸಲು ತೀರ್ಮಾನವಾಯಿತು; ಅಮೆರಿಕದಲ್ಲಿ ಅಂಥ ಮೊದಲ ಕಾಡು ಇದು. ಎರಡರೊಳಗೂ ಸೈಕಲ್‌ಗೆ ಪ್ರವೇಶವಿಲ್ಲ, ಆದ್ದರಿಂದ ನಕ್ಷೆಯಲ್ಲಿ ಕಾಣುವ ಕಾಲುದಾರಿಗಳನ್ನು ಅಡ್ಡದಾರಿ ಎಂದುಕೊಳ್ಳಬೇಡಿ. ಬ್ಲ್ಯಾಕ್ ಕ್ಯಾನ್ಯನ್‌ಗೆ ಇಳಿದು ಮತ್ತೆ ಹತ್ತುವ ಏರುಗಳು ಕಡಿದು. ಸಣ್ಣ ಗೇರ್ ಸಾಲದಿದ್ದರೆ ತಳ್ಳುವುದೇ ಸರಿ. ದಣಿವಾದಾಗ ಒಂದು ಹಳೆಯ ಪಾಂಡೆರೋಸ ಪೈನ್ ಮರದ ಬುಡದಲ್ಲಿ ನಿಂತು ತೊಗಟೆಯ ಸೀಳಿಗೆ ಮೂಗು ಒತ್ತಿ ನೋಡಿ. ಬಿಸಿಲಿಗೆ ಕಾದ ತೊಗಟೆಯಿಂದ ವೆನಿಲ್ಲಾ ಪರಿಮಳ ಬರುತ್ತದೆ. 2022ರ ಬ್ಲ್ಯಾಕ್ ಫೈರ್ ಈ ಭಾಗದಲ್ಲಿ 3.25 ಲಕ್ಷ ಎಕರೆ ಸುಟ್ಟಿತು. ಸುಟ್ಟ ಇಳಿಜಾರು ಮಳೆನೀರನ್ನು ಹಿಡಿದಿಡಲಾರದು. ಒಂದು ಜೋರು ಮಳೆಗೆ ಕಲ್ಲುಮಣ್ಣು ಕಣಿವೆಗೆ ಕೊಚ್ಚಿಬರುತ್ತದೆ. ಹಳ್ಳದ ಪಾತ್ರದಲ್ಲಿ, ಒಣಗಿ ನಿಂತ ಸುಟ್ಟ ಮರಗಳ ಕೆಳಗೆ ಡೇರೆ ಹಾಕಲೇಬೇಡಿ.

ಯಾವಾಗ ಹೋಗಬೇಕು? ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮೇ, ಜೂನ್‌ನಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯವನ್ನೇ ಮುಚ್ಚುವುದುಂಟು. ಜುಲೈ, ಆಗಸ್ಟ್‌ನಲ್ಲಿ ಇಲ್ಲೂ ಮುಂಗಾರು, ಮಧ್ಯಾಹ್ನಕ್ಕೆ ಗುಡುಗು ಸಿಡಿಲು. ಮಳೆ ಬಿದ್ದರೆ ಜೇಡಿಮಣ್ಣಿನ ರಸ್ತೆ ಅಂಟಿನ ಹಾಗೆ ಟೈರಿಗೆ ಮೆತ್ತಿಕೊಂಡು, ಫೋರ್ಕಿನ ಸಂದಿಯಲ್ಲಿ ಗಟ್ಟಿಯಾಗಿ ಚಕ್ರವನ್ನೇ ನಿಲ್ಲಿಸುತ್ತದೆ. ಆಗ ತುಳಿಯಲು ಹೋದರೆ ಗೇರ್ ಬದಲಿಸುವ ಡಿರೇಲರ್ ಮುರಿಯುತ್ತದೆ. ಬದಿಗೆ ಸರಿದು, ಚಹಾ ಕಾಯಿಸಿಕೊಂಡು, ನೆಲ ಒಣಗುವವರೆಗೆ ಕಾಯುವುದೊಂದೇ ದಾರಿ. ಅದಕ್ಕೆ ಒಂದು ದಿನದ ಹೆಚ್ಚುವರಿ ಊಟ ಜೊತೆಗಿರಲಿ. ಅಕ್ಟೋಬರ್‌ನಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಆದ್ದರಿಂದ ಫಿಲ್ಟರನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಒಮ್ಮೆ ಹೆಪ್ಪುಗಟ್ಟಿದ ಫಿಲ್ಟರ್ ಮತ್ತೆ ಬಳಕೆಗೆ ಬರುವುದಿಲ್ಲ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಕಾಲವೂ ಅದೇ, ಕಡುಕಿತ್ತಳೆ ಬಣ್ಣದ ಟೋಪಿಯೋ ಜಾಕೆಟ್ಟೋ ಧರಿಸಿ. ಕಪ್ಪು ಕರಡಿಗಳಿವೆ, ಊಟದ ಚೀಲವನ್ನು ಮರಕ್ಕೆ ಎತ್ತಿ ಕಟ್ಟಿ.

ಟೈರು 50 ಮಿ.ಮೀ. ಅಗಲಕ್ಕೆ ಕಡಿಮೆ ಬೇಡ, ಟ್ಯೂಬ್‌ಲೆಸ್ ಇರಲಿ, ತೂತು ಮುಚ್ಚುವ ಸೀಲೆಂಟ್ ದ್ರವವನ್ನು ಹೊಸದಾಗಿ ತುಂಬಿಸಿ. ಊರುಗಳ ಹತ್ತಿರ ರಸ್ತೆ ಬದಿಯಲ್ಲಿ ನಮ್ಮ ಹೊಲಗಳ ನೆಗ್ಗಿಲು ಮುಳ್ಳೇ ಇಲ್ಲೂ ಹಬ್ಬಿದೆ, ಸಾಧಾರಣ ಟ್ಯೂಬು ಅದರ ಮುಂದೆ ನಿಲ್ಲುವುದಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು, ಬಾಡಿಗೆಗಾದರೂ ಸರಿ, ತೆಗೆದುಕೊಂಡೇ ಹೋಗಿ.

ಮಿಂಬ್ರೆಸ್‌ಗೆ ಇಳಿದರೆ ಡಾಂಬರು, ಅಂಗಡಿ, ತಣ್ಣನೆಯ ಸೋಡಾ. ಒಂದು ದಿನ ಮಿಗಿಸಿಕೊಂಡವರು ಉತ್ತರಕ್ಕೆ ತಿರುಗಿ ಹೀಲಾ ಗುಹಾಮನೆಗಳನ್ನು ನೋಡಬಹುದು. 13ನೇ ಶತಮಾನದ ಕೊನೆಯಲ್ಲಿ ಮೊಗೊಯೊನ್ ಜನ ಬಂಡೆಯ ಪೊಟರೆಗಳೊಳಗೆ ಕಟ್ಟಿಕೊಂಡ ಮನೆಗಳವು. ಹೋಗಿಬರುವ ದಾರಿ ಏರಿಳಿತದ್ದು, ಅದನ್ನು ಅರ್ಧ ದಿನದ ಕೆಲಸ ಎಂದುಕೊಳ್ಳಬೇಡಿ. ಸಿಲ್ವರ್ ಸಿಟಿಯಲ್ಲಿ ಸೈಕಲ್ ರಿಪೇರಿ, ಒಳ್ಳೆಯ ಊಟ, ಹಾಸಿಗೆ ಎಲ್ಲ ಉಂಟು. ಆದರೆ ಅಲ್ಲಿಂದ ಪೈ ಟೌನ್‌ಗೆ ವಾಪಸು ಬರಲು ಬಸ್ಸಿಲ್ಲ. ಕಾರನ್ನು ಮೊದಲೇ ಸಿಲ್ವರ್ ಸಿಟಿಯಲ್ಲಿ ಬಿಟ್ಟು, ಯಾರನ್ನಾದರೂ ಗೊತ್ತು ಮಾಡಿಕೊಂಡು ಪೈ ಟೌನ್‌ಗೆ ಬಿಡಿಸಿಕೊಳ್ಳುವುದು ಅನುಕೂಲ. ವಿಮಾನದಲ್ಲಿ ಬರುವವರು ಆಲ್ಬುಕರ್ಕಿಯಲ್ಲಿ ಇಳಿದು, ಎಲ್ ಪಾಸೊದಿಂದ ಹಿಂತಿರುಗಿದರೆ ರಸ್ತೆ ಪ್ರಯಾಣ ಕಡಿಮೆಯಾಗುತ್ತದೆ. ಸೈಕಲ್ ಪೆಟ್ಟಿಗೆಯನ್ನು ಸಿಲ್ವರ್ ಸಿಟಿಯ ಸೈಕಲ್ ಅಂಗಡಿಯಲ್ಲಿ ಎತ್ತಿಡಲು ವಾರ ಮೊದಲೇ ಫೋನ್ ಮಾಡಿ ಹೇಳಿಡಿ.