ಅದು ಹೊಟ್ಟೆ ನೋಡುತ್ತಿರಲಿಲ್ಲ, ಚಪ್ಪರ ನೋಡುತ್ತಿತ್ತು

ಕುದುರೆ ಮುಂಗಾಲಲ್ಲಿ ನೆಲ ಕೆರೆಯಿತು, ಬೆವರಿತು, ಹುಲ್ಲು ಬಿಟ್ಟಿತು ಅಂದರೆ ಲಾಯದವರಿಗೆ ಮೊದಲು ಹೊಳೆಯುವುದು ಕಾಲಿಕ್, ಅಂದರೆ ಹೊಟ್ಟೆಶೂಲೆ. ಕುದುರೆ ವಾಂತಿ ಮಾಡಲಾರದು. ಹೊಟ್ಟೆ ಕಟ್ಟಿಕೊಂಡರೆ ಜೀವಕ್ಕೇ ಬರುತ್ತದೆ. ತೀರ್ಥಹಳ್ಳಿ ಕಡೆ ನಾನು ಕುದುರೆ ನೋಡಿಕೊಳ್ಳುವ ತೋಟದ ಮನೆಯಲ್ಲಿ ಒಂದು ರಾತ್ರಿ ಮಾರ್ವಾಡಿ ತಳಿಯ ಹೆಣ್ಣುಕುದುರೆ ಹೀಗೆ ಒದ್ದಾಡಿದಾಗ, ಸ್ವಲ್ಪ ನಡೆಸೋಣ ಅಂತ ಹಾಲ್ಟರ್ (ಹಿಡಿದು ನಡೆಸಲು ತಲೆಗೆ ಹಾಕುವ ಪಟ್ಟಿ) ಹಾಕಿ ಅಂಗಳಕ್ಕೆ ಎಳೆದೆ.

ಬಾಗಿಲು ದಾಟಲೇ ಇಲ್ಲ. ಎಳೆದಷ್ಟೂ ಹಿಂದಕ್ಕೆ ಜಗ್ಗಿತು. ಆಗ ಟಾರ್ಚ್ ಬೆಳಕಲ್ಲಿ ಕಿವಿ ಕಂಡಿತು. ಮಾರ್ವಾಡಿ ಕಿವಿ ಒಳಕ್ಕೆ ಬಾಗಿ ತುದಿಗೆ ತುದಿ ತಾಗುತ್ತದಲ್ಲ, ಎರಡೂ ಅಡಿಕೆ ಚಪ್ಪರದ ಕಡೆ ನೆಟ್ಟಿದ್ದವು. ಹೊಳ್ಳೆ ಅರಳಿತ್ತು. ಪಕ್ಕದ ಕುದುರೆಗಳೂ ಅದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು.

"ಅಣ್ಣಾ, ನಾಯಿ ಸದ್ದೇ ಇಲ್ಲವಲ್ಲ," ಅಂದ ಜೊತೆಯ ಹುಡುಗ.

ಲಾಯದ ಹಿಂದೆ ಕಟ್ಟಿದ್ದ ನಾಯಿ ಸರಪಳಿ ಸಮೇತ ಬೂಸಾ ಪೆಟ್ಟಿಗೆಯ ಅಡಿ ಸೇರಿತ್ತು. ಟಾರ್ಚ್ ಚಪ್ಪರದ ಕಡೆ ತಿರುಗಿಸಿದೆ. ಕಂಬದ ಬುಡದಲ್ಲಿ ಎರಡು ಕಣ್ಣು ಹೊಳೆದವು. ಚಿರತೆ. ಒಂದು ಕೈಯಲ್ಲಿ ಬೆದರಿದ ಕುದುರೆ, ಇನ್ನೊಂದರಲ್ಲಿ ಟಾರ್ಚ್. ಓಡುವ ಹಾಗಿಲ್ಲ, ಹಗ್ಗ ಬಿಡುವ ಹಾಗೂ ಇಲ್ಲ. ಬಿಟ್ಟರೆ ಕುದುರೆ ಕತ್ತಲಲ್ಲಿ ಮುಳ್ಳುತಂತಿಗೆ ನುಗ್ಗುತ್ತದೆ. ಬೆಳಕು ಕದಲಿಸದೆ ಹಿಮ್ಮುಖವಾಗಿ ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಬಂದೆ. ಅರೆಬಾಗಿಲು ಹಾಕಿ, ಕಾಲಿಗೆ ತೊಡರದಂತೆ ಹಗ್ಗ ಬಿಚ್ಚಿದೆ. ಹುಡುಗ ತಗಡಿನ ಡಬ್ಬ ಬಡಿಯತೊಡಗಿದ. ಚಿರತೆಗೆ ಅವಸರವೇ ಇರಲಿಲ್ಲ. ಎದ್ದು, ನಮ್ಮನ್ನೊಮ್ಮೆ ನೋಡಿ, ಗುಡ್ಡದ ಕಡೆ ಹೋಯಿತು.

ಶೂಲೆ ಬಂದ ಕುದುರೆ ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತದೆ, ಹೊಟ್ಟೆಗೆ ಒದ್ದುಕೊಳ್ಳುತ್ತದೆ, ಬಿದ್ದು ಹೊರಳುತ್ತದೆ. ಹೆದರಿದ ಕುದುರೆ ಹೊರಗೆ ನೋಡುತ್ತದೆ. ಈಗ ಹೊಸ ಹುಡುಗರಿಗೆ ಹಾಲ್ಟರ್ ಕೊಡುವ ಮೊದಲು ಕಿವಿ ನೋಡಲು ಹೇಳುತ್ತೇನೆ.

ಚಿರತೆ ಬಂದದ್ದು ಬಹುಶಃ ನಾಯಿಗೆ. ನಮ್ಮ ಕಡೆ ಅದು ಅಂಗಳಕ್ಕೆ ಬಂದು ಒಯ್ಯುವುದು ಹೆಚ್ಚಾಗಿ ನಾಯಿಯನ್ನೇ. ಲಾಯಕ್ಕೆ ಕಾವಲೆಂದು ನಾಯಿ ಕಟ್ಟಿಸಿದ್ದು ಯಜಮಾನರು. ಕಾವಲಿನ ನಾಯಿ ಹೀಗೆ ಆಮಿಷವಾಗುವುದು ಸರಿಯಲ್ಲ ಅಂತ ನೇರವಾಗಿಯೇ ಹೇಳಿದೆ. ರಾತ್ರಿ ಅದನ್ನು ಮನೆಯೊಳಗೆ ಮಲಗಿಸಲು ಒಪ್ಪಿದ್ದಾರೆ. ಚೆಲ್ಲಿದ ಬೂಸಾ, ಹುರುಳಿ ಸಂಜೆಯೇ ಗುಡಿಸುತ್ತೇವೆ, ಹಂದಿಗಳು ಮೂಸಿಕೊಂಡು ಬರುವುದು ಅದಕ್ಕೇ.

ಅರೆಗೋಡೆಯ ಮೇಲೆ ಕಬ್ಬಿಣದ ಜಾಲರಿ ಹಾಕಿಸಿ ಅಂತ ಕೇಳಿದ್ದಕ್ಕೆ ಮಾತ್ರ "ನೋಡೋಣ" ಅಂತಲೇ ಇದ್ದಾರೆ. ಆ ಹೆಣ್ಣುಕುದುರೆ ಈಗ ಗಬ್ಬ. ಹನ್ನೊಂದು ತಿಂಗಳು ತುಂಬಿ ಮರಿ ಹಾಕುವುದರೊಳಗೆ ಜಾಲರಿ ಆಗಲೇಬೇಕು. ದೊಡ್ಡ ಕುದುರೆ ಒದ್ದಾದರೂ ಉಳಿದೀತು, ಮರಿಗೆ ಆಗುವುದಿಲ್ಲ. ನಾಳೆ ಮತ್ತೆ ಕೇಳುತ್ತೇನೆ.